ಅಂಕಿ ನೋಡುವುದೋ, ಮಗುವನ್ನು ನೋಡುವುದೋ

ಎರಡು ಮೂರು ವರ್ಷದ ಮಗುವಿಗೆ ವರ್ಷಕ್ಕೆ 6ರಿಂದ 8 ಸಲ ನೆಗಡಿಯಾಗುವುದು ಸಹಜ. ಅಂಗನವಾಡಿಗೋ ಶಿಶುವಿಹಾರಕ್ಕೋ ಕಾಲಿಟ್ಟ ಮೊದಲ ವರ್ಷ ಅದು 10, 12ಕ್ಕೂ ಏರಬಹುದು. ಆ ನೆಗಡಿಗಳು ನಾವು ಅಂದುಕೊಂಡ ಹಾಗೆ ಮೂರು ದಿನಕ್ಕೆ ಮುಗಿಯುವಂಥವೂ ಅಲ್ಲ. ಮಕ್ಕಳ ಉಸಿರಾಟದ ಸೋಂಕುಗಳು ಎಷ್ಟು ದಿನ ಇರುತ್ತವೆ ಎಂಬ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ವರದಿಯೊಂದು 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ನೂರರಲ್ಲಿ 90 ಮಕ್ಕಳ ನೆಗಡಿ ಪೂರ್ತಿ ಬಿಡಲು 15 ದಿನ, ಕೆಮ್ಮು ಬಿಡಲು 25 ದಿನ ಬೇಕು ಎಂಬುದು ಅದರ ಲೆಕ್ಕ. ವರ್ಷದ ನೆಗಡಿಗಳ ಸಂಖ್ಯೆಯನ್ನು ಈ ದಿನಗಳಿಂದ ಗುಣಿಸಿ ನೋಡಿ. ಯಾವ ದೋಷವೂ ಇಲ್ಲದ, ಚೆನ್ನಾಗಿ ಬೆಳೆಯುತ್ತಿರುವ ಮಗು ವರ್ಷದಲ್ಲಿ ಮೂರು ನಾಲ್ಕು ತಿಂಗಳು ಮೂಗು ಸೋರಿಸಿಕೊಂಡೋ ಕೆಮ್ಮಿಕೊಂಡೋ ಇರಬಹುದು. ಈ ಲೆಕ್ಕವನ್ನು ನಮ್ಮ ತಂದೆತಾಯಿಯರಿಗೆ ಯಾರೂ ಹೇಳಿಕೊಟ್ಟಿಲ್ಲ. ಹಾಗಾಗಿ ನಾಲ್ಕನೆಯ ದಿನವೂ ಕೆಮ್ಮು ನಿಲ್ಲದಿದ್ದರೆ ಔಷಧಿ ಬದಲಾಗುತ್ತದೆ, ಏಳನೆಯ ದಿನ ಡಾಕ್ಟರು ಬದಲಾಗುತ್ತಾರೆ, ತಿಂಗಳೊಳಗೆ ಮತ್ತೊಂದು ನೆಗಡಿ ಬಂದರೆ ‘ನಮ್ಮ ಮಗುವಿಗೆ ಶಕ್ತಿಯೇ ಇಲ್ಲ’ ಎಂಬ ತೀರ್ಮಾನಕ್ಕೆ ಮನೆಯವರೆಲ್ಲ ಬಂದುಬಿಡುತ್ತಾರೆ.

ಈ ಆತಂಕವನ್ನು ಅಜ್ಞಾನವೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. 1990ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು 126 ಮಕ್ಕಳು ಐದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು. 2020ರ ಮಾದರಿ ನೋಂದಣಿ ಸಮೀಕ್ಷೆಯಲ್ಲಿ ಆ ಸಂಖ್ಯೆ 32ಕ್ಕೆ ಇಳಿದಿತ್ತು. ಅಂದರೆ ಇಂದು ಮೊಮ್ಮಕ್ಕಳ ಹಣೆ ಮುಟ್ಟಿ ನೋಡುವ ಅಜ್ಜಿಯರು, ಎಂಟಕ್ಕೊಂದು ಮಗು ಕೈಬಿಟ್ಟುಹೋಗುತ್ತಿದ್ದ ಕಾಲದಲ್ಲಿ ತಾಯಂದಿರಾದವರು. ಸಂಜೆ ಜ್ವರ ಬಂದ ಮಗು ಮೂರನೆಯ ದಿನ ಇಲ್ಲವಾದದ್ದನ್ನು ಅವರು ತಮ್ಮ ಬೀದಿಯಲ್ಲೇ ಕಂಡಿದ್ದರು. ಅವರ ಭಯಕ್ಕೆ ಕಾರಣವಿತ್ತು. ನ್ಯುಮೋನಿಯಾ, ವಾಂತಿಭೇದಿ, ದಡಾರ ಇವೆಲ್ಲ ಜ್ವರದ ಮುಖ ಹೊತ್ತೇ ಮನೆಯೊಳಗೆ ಬರುತ್ತಿದ್ದವು. ರೋಗಗಳ ಸ್ವರೂಪ ಬದಲಾದಷ್ಟು ಬೇಗ ಭಯದ ಸ್ವರೂಪ ಬದಲಾಗಲಿಲ್ಲ. ‘ಹೆದರಬೇಡಿ’ ಎಂಬ ಒಂದು ಮಾತಿನಿಂದ ಅದು ಬದಲಾಗುವುದೂ ಇಲ್ಲ. ಹೆದರುವುದು ಮಗುವನ್ನು ಕಾಯುವವರ ಕೆಲಸದ ಒಂದು ಭಾಗ. ಯಾವುದಕ್ಕೆ ಹೆದರಬೇಕು ಎಂಬುದನ್ನು ನಾವು ಅವರಿಗೆ ಕಲಿಸಿದ್ದೇವೆಯೇ ಎಂಬುದಷ್ಟೇ ಇಂದಿನ ನನ್ನ ಪ್ರಶ್ನೆ.

ಈಗ ಭಯ ನಿಂತಿರುವುದು ಥರ್ಮಾಮೀಟರಿನ ಅಂಕಿಯ ಮೇಲೆ. ಇದು ನಮ್ಮಲ್ಲಿ ಮಾತ್ರ ಇರುವುದಲ್ಲ. 1980ರಲ್ಲಿ ಅಮೆರಿಕದ ಮಕ್ಕಳ ತಜ್ಞ ಬಾರ್ಟನ್ ಸ್ಮಿಟ್ 81 ಪೋಷಕರನ್ನು ಮಾತಾಡಿಸಿ ಬರೆದ ಲೇಖನಕ್ಕೆ ‘ಜ್ವರಭಯ’ ಎಂದೇ ಹೆಸರಿಟ್ಟರು. 104 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಜ್ವರದಿಂದಲೇ ಮೆದುಳಿಗೆ ಪೆಟ್ಟಾಗುತ್ತದೆ ಎಂದು ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಂಬಿದ್ದರು. ಇಪ್ಪತ್ತು ವರ್ಷ ಬಿಟ್ಟು ಬಾಲ್ಟಿಮೋರ್ ನಗರದಲ್ಲಿ 340 ಪೋಷಕರನ್ನು ಕೇಳಿದಾಗಲೂ ಹತ್ತರಲ್ಲಿ ಒಂಬತ್ತು ಮಂದಿ ಜ್ವರವೇ ಹಾನಿ ಮಾಡುತ್ತದೆ ಎಂದರು. ನಮ್ಮಲ್ಲಿ ಇದೇ ನಂಬಿಕೆಗೆ ‘ಜ್ವರ ತಲೆಗೇರುತ್ತದೆ’ ಎಂಬ ಮಾತಿದೆ. ದೇಹದಲ್ಲಿ ನಡೆಯುವುದು ಬೇರೆ. ಸೋಂಕು ತಗಲಿದಾಗ ಮೆದುಳಿನಲ್ಲಿ ಉಷ್ಣತೆಯನ್ನು ನಿಯಂತ್ರಿಸುವ ಭಾಗ ತಾನೇ ಮಟ್ಟವನ್ನು ಮೇಲಕ್ಕೆ ಇಟ್ಟುಕೊಳ್ಳುತ್ತದೆ. ಆ ಮಟ್ಟ ಮುಟ್ಟಲು ಮೈ ನಡುಗುತ್ತದೆ, ಕೈಕಾಲು ತಣ್ಣಗಾಗುತ್ತವೆ. ಆ ನಿಯಂತ್ರಣ ಉಳಿದಿರುವ ತನಕ ಸೋಂಕಿನ ಜ್ವರ ಮೆದುಳನ್ನು ಸುಡುವ ಮಟ್ಟಕ್ಕೆ, ಅಂದರೆ 107 ಡಿಗ್ರಿಯ ಆಚೆಗೆ, ಹೋಗುವುದು ತೀರ ಅಪರೂಪ. ಬಿಸಿಲಿನಲ್ಲಿ ಬಾಗಿಲು ಹಾಕಿದ ಕಾರಿನೊಳಗೆ ಬಿಟ್ಟ ಮಗುವಿಗೆ ಆಗುವುದು ಬೇರೆಯದೇ ಅಪಾಯ.

ಜ್ವರದಿಂದ ಉಪಯೋಗವಿದೆಯೇ ಎಂಬ ಪ್ರಶ್ನೆಗೆ 1975ರಲ್ಲಿ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು ಮರುಭೂಮಿಯ ಇಗುವಾನ ಎಂಬ ದೊಡ್ಡ ಹಲ್ಲಿಗಳಲ್ಲಿ ಉತ್ತರ ಹುಡುಕಿದರು. ಹಲ್ಲಿಗೆ ಮೈಯೊಳಗಿಂದ ಬಿಸಿ ಹುಟ್ಟಿಸಿಕೊಳ್ಳುವ ಶಕ್ತಿಯಿಲ್ಲ, ಹೊರಗಿನ ಕಾವಿನಿಂದಲೇ ಮೈ ಕಾಯಿಸಿಕೊಳ್ಳಬೇಕು. ಬ್ಯಾಕ್ಟೀರಿಯಾ ಚುಚ್ಚಿದ ಹಲ್ಲಿಗಳನ್ನು ಬೇರೆ ಬೇರೆ ಉಷ್ಣತೆಯಲ್ಲಿ ಇಟ್ಟು ನೋಡಿದಾಗ, ಹೆಚ್ಚು ಬಿಸಿಯಲ್ಲಿದ್ದವು ಹೆಚ್ಚು ಸಂಖ್ಯೆಯಲ್ಲಿ ಬದುಕಿದವು, ತಣ್ಣಗಿದ್ದವು ಹೆಚ್ಚು ಸತ್ತವು. ಹಲ್ಲಿಗೆ ಆದದ್ದೆಲ್ಲ ಮಗುವಿಗೂ ಆಗುತ್ತದೆಂದು ನಾನು ಹೇಳುತ್ತಿಲ್ಲ. ಜ್ವರ ಶತ್ರುವಿನ ಆಯುಧವಾಗಿರದೆ ದೇಹದ್ದೇ ಆಯುಧವಾಗಿರಬಹುದು ಎಂಬ ವಿಚಾರಕ್ಕೆ ಅಲ್ಲಿಂದ ಬಲ ಬಂತು. ಪ್ಯಾರಾಸಿಟಮಾಲ್ ಕೊಡುವುದು ಮಗುವಿನ ಮೈಕೈ ನೋವು, ಕಿರಿಕಿರಿ ತಗ್ಗಲಿ ಎಂದು. ಅಂಕಿ ಇಳಿಸಲೆಂದೇ ನಿದ್ದೆಯಲ್ಲಿರುವ ಮಗುವನ್ನು ಎಬ್ಬಿಸಿ ಕುಡಿಸುವ ಅಗತ್ಯವಿಲ್ಲ.

ಹಾಗಾದರೆ ಫಿಟ್ಸ್? ಎಲ್ಲ ಭಯದ ಬೇರೂ ಇಲ್ಲಿದೆ. ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಜ್ವರದ ಜೊತೆ ಒಮ್ಮೆಯಾದರೂ ಫಿಟ್ಸ್ ಬರುತ್ತದೆ. ಕಣ್ಣು ಮೇಲೆ ಸಿಕ್ಕಿಕೊಂಡು, ಕೈಕಾಲು ಸೆಟೆದು ಅದುರುವ ಮಗುವನ್ನು ಕಂಡ ತಾಯಿಗೆ ಮಗು ಕೈತಪ್ಪಿತು ಎಂದೇ ಅನ್ನಿಸುತ್ತದೆ. ಆದರೂ ಬಹುಪಾಲು ಫಿಟ್ಸ್ ಐದು ನಿಮಿಷದೊಳಗೆ ತಾನಾಗಿ ನಿಲ್ಲುತ್ತದೆ, ಮಗುವಿನ ಬುದ್ಧಿಗೂ ಬೆಳವಣಿಗೆಗೂ ಕುಂದು ತರುವುದಿಲ್ಲ. ಮಗುವನ್ನು ಪಕ್ಕಕ್ಕೆ ಮಲಗಿಸಬೇಕು, ಬಾಯಿಗೆ ಏನನ್ನೂ ಹಾಕಬಾರದು, ಐದು ನಿಮಿಷ ದಾಟಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಮೊದಲ ಸಲ ಬಂದದ್ದಾದರೆ ನಿಂತ ಮೇಲೂ ವೈದ್ಯರಿಗೆ ತೋರಿಸಬೇಕು. ಜ್ವರದ ಔಷಧಿ ಎಷ್ಟು ಹೊತ್ತುಹೊತ್ತಿಗೆ ಕೊಟ್ಟರೂ ಮುಂದಿನ ಫಿಟ್ಸ್ ತಪ್ಪುವುದಿಲ್ಲ ಎಂದು ಪರೀಕ್ಷೆಗಳು ತೋರಿಸಿವೆ. ಇಷ್ಟನ್ನು ಮೊದಲೇ ಹೇಳಿಕೊಡದಿದ್ದಾಗ ಆ ಜಾಗಕ್ಕೆ ಏನು ಬರುತ್ತದೆಂದರೆ, ಕೈಯಲ್ಲಿ ಕಬ್ಬಿಣ ಹಿಡಿಸುವುದು, ಮೂಗಿಗೆ ಈರುಳ್ಳಿ ಹಿಂಡುವುದು, ಕೆಲವು ಕಡೆ ಇಂದಿಗೂ ಹಸುಗೂಸಿನ ಹೊಟ್ಟೆಯ ಮೇಲೆ ಬರೆ ಎಳೆಯುವುದು. ಬರೆ ಎಳೆಸುವ ತಾಯಿಗೂ ಮಗುವಿನ ಮೇಲೆ ಅಷ್ಟೇ ಪ್ರೀತಿ ಇರುತ್ತದೆ.

ಅಂಕಿಯನ್ನು ನಂಬಿದರೆ ಇನ್ನೊಂದು ದಿಕ್ಕಿನಿಂದಲೂ ಮೋಸವಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಸಾಂಕ್ರಾಮಿಕ ರೋಗವೆಂದು ಘೋಷಿಸಿದ ಡೆಂಗಿಯನ್ನೇ ನೋಡಿ. ಅದರ ಅಪಾಯದ ಘಟ್ಟ ಶುರುವಾಗುವುದು ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ, ಜ್ವರ ಬಿಡುವ ಹೊತ್ತಿಗೆ. ರಕ್ತನಾಳಗಳಿಂದ ನೀರಿನಂಶ ಸೋರಿ, ಮಗುವಿಗೆ ಹೊಟ್ಟೆನೋವು ಬರುತ್ತದೆ, ವಾಂತಿ ನಿಲ್ಲುವುದಿಲ್ಲ, ಕೈಕಾಲು ತಣ್ಣಗಾಗುತ್ತವೆ, ಮಂಕು ಕವಿಯುತ್ತದೆ. ಥರ್ಮಾಮೀಟರ್ ಆಗ 98 ತೋರಿಸುತ್ತಿರುತ್ತದೆ, ಮನೆಯವರು ‘ಜ್ವರ ಬಿಡ್ತು’ ಎಂದು ನಿಟ್ಟುಸಿರು ಬಿಡುತ್ತಿರುತ್ತಾರೆ. 103 ಡಿಗ್ರಿಯಲ್ಲೂ ಔಷಧಿ ಇಳಿದ ಮೇಲೆ ಎದ್ದು ಕೂತು ಬಿಸ್ಕತ್ತು ಕೇಳುವ ಮಗುವಿಗಿಂತ, 98ರಲ್ಲಿ ಕರೆದರೆ ಓಗೊಡದ ಮಗುವಿನ ವಿಷಯದಲ್ಲಿ ನಾವು ಹೆಚ್ಚು ಹೆದರಬೇಕು. ಅಂಕಿಯೇ ಮುಖ್ಯವಾಗುವ ಒಂದು ಸಂದರ್ಭ ಉಂಟು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ಜ್ವರವಿದ್ದರೆ ಮನೆಯಲ್ಲಿ ಕಾಯಬಾರದು, ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು.

ಅಂಕಿ ಬಿಟ್ಟು ನೋಡಬೇಕಾದದ್ದು ಯಾವುದು? 1980ರ ದಶಕದಲ್ಲಿ ಪಪುವಾ ನ್ಯೂಗಿನಿಯಲ್ಲಿ ಕೆಲಸ ಮಾಡುತ್ತಿದ್ದ ವೈದ್ಯ ಫ್ರಾಂಕ್ ಶಾನ್ ಮತ್ತು ಸಹೋದ್ಯೋಗಿಗಳಿಗೆ ಎದುರಾದ ಪ್ರಶ್ನೆಯೂ ಇಂಥದ್ದೇ. ಎಕ್ಸ್‌ರೇ ಇಲ್ಲ, ಸ್ಟೆತಸ್ಕೋಪ್ ಹಿಡಿದು ಎದೆಯ ಸದ್ದು ಗುರುತಿಸಬಲ್ಲವರಿಲ್ಲ, ಕೆಮ್ಮುವ ಮಕ್ಕಳು ಸಾವಿರಾರು. ಅವರಲ್ಲಿ ನ್ಯುಮೋನಿಯಾ ಯಾರಿಗೆ ಎಂದು ಹಳ್ಳಿಯ ಆರೋಗ್ಯ ಕಾರ್ಯಕರ್ತರು ತಿಳಿಯುವುದು ಹೇಗೆ? ಉತ್ತರ ಉಸಿರಿನ ಎಣಿಕೆಯಲ್ಲಿ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆ ಅದನ್ನೇ ನಿಯಮವಾಗಿಸಿತು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಉಸಿರಾಟವಿದ್ದರೆ ಅದು ವೇಗದ ಉಸಿರು, ವೈದ್ಯರಿಗೆ ತೋರಿಸಬೇಕು.

ಎಣಿಸುವ ಬಗೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ಯಾವ ಮನೆಯಲ್ಲಾದರೂ ಮಾಡಬಹುದು. ಮಗು ಮಲಗಿರಬೇಕು ಅಥವಾ ಮಡಿಲಲ್ಲಿ ಸುಮ್ಮನಿರಬೇಕು. ಅಳುವಾಗ, ಹಾಲು ಕುಡಿಯುವಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಅಂಗಿಯನ್ನು ಎದೆಯ ತನಕ ಎತ್ತಿ, ಪಕ್ಕೆಲುಬು ಮುಗಿದು ಹೊಟ್ಟೆ ಶುರುವಾಗುವ ಜಾಗದ ಮೇಲೆ ಕಣ್ಣಿಡಬೇಕು. ಒಂದು ಸಲ ಏರಿ ಇಳಿದರೆ ಒಂದು ಉಸಿರು. ಮೊಬೈಲಿನಲ್ಲಿ ಪೂರ್ತಿ 60 ಸೆಕೆಂಡು ಇಟ್ಟುಕೊಳ್ಳಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಲದು, ಚಿಕ್ಕ ಮಕ್ಕಳು ಒಂದಷ್ಟು ಉಸಿರು ಬೇಗ ಬೇಗ ತೆಗೆದು ಆಮೇಲೆ ಸ್ವಲ್ಪ ತಡೆಯುತ್ತಾರೆ. ಎಣಿಸುತ್ತಲೇ ಇನ್ನೊಂದನ್ನು ಗಮನಿಸಬೇಕು. ಉಸಿರು ಒಳಗೆ ಹೋಗುವಾಗ ಎದೆಯ ಕೆಳಭಾಗ ಉಬ್ಬುವುದರ ಬದಲು ಒಳಕ್ಕೆ ಸೆಳೆಯುತ್ತಿದ್ದರೆ, ಅಂದರೆ ಪಕ್ಕೆ ಗುಳಿ ಬೀಳುತ್ತಿದ್ದರೆ, ತಡಮಾಡುವಂತಿಲ್ಲ. ಮೂಗು ಕಟ್ಟಿ ಬರುವ ಗೊರಗೊರ ಸದ್ದಿಗೂ ಇದಕ್ಕೂ ಸಂಬಂಧವಿಲ್ಲ. ಸದ್ದು ಜೋರಾಗಿದ್ದು ಪಕ್ಕೆ ಶಾಂತವಾಗಿರಬಹುದು. ಸದ್ದೇ ಇಲ್ಲದೆ ಪಕ್ಕೆ ಸೆಳೆಯುತ್ತಿರಬಹುದು. ಇದರ ಜೊತೆಗೆ ಕುಡಿಯಲು ಆಗದಿರುವುದು, ಕುಡಿದದ್ದೆಲ್ಲ ವಾಂತಿಯಾಗುವುದು, ಫಿಟ್ಸ್, ಎಚ್ಚರ ತಪ್ಪುವ ಹಾಗೆ ಮಂಕಾಗುವುದು. ಆತಂಕ ಪಡಬೇಕಾದ ಲಕ್ಷಣಗಳ ಪಟ್ಟಿ ಹೆಚ್ಚುಕಡಿಮೆ ಇಷ್ಟೇ.

‘ಇದೆಲ್ಲ ಸರಿ, ಆದರೆ ಒಂದು ಸಿರಪ್ ಕೊಟ್ಟರೆ ಕಳೆದುಕೊಳ್ಳುವುದೇನು?’ ಎಂಬ ಆಕ್ಷೇಪ ಬರುತ್ತದೆ. ಕಳೆದುಕೊಳ್ಳುವುದು ಬಹಳವಿದೆ. ಮೆಡಿಕಲ್ ಶಾಪಿನಲ್ಲಿ ಪ್ಯಾರಾಸಿಟಮಾಲಿನ ಎರಡು ಬಾಟಲಿಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಡ್ರಾಪ್ಸ್‌ನ 1 ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಔಷಧಿ ಇರುತ್ತದೆ, ಸಿರಪ್ಪಿನ 5 ಮಿಲಿಲೀಟರಿನಲ್ಲಿ 120 ಅಥವಾ 125, ಕೆಲವದರಲ್ಲಿ 250. ಎಂಟು ಕೆಜಿ ತೂಕದ ಮಗುವಿಗೆ ಒಂದು ಸಲಕ್ಕೆ ಬೇಕಾದದ್ದು 120 ಮಿಲಿಗ್ರಾಂ. ಸಿರಪ್ಪಿನ ಅಭ್ಯಾಸದಲ್ಲಿ ಡ್ರಾಪ್ಸ್ ಅನ್ನು ಒಂದು ಚಮಚ ಕೊಟ್ಟರೆ ಮಗುವಿನ ಹೊಟ್ಟೆಗೆ 500 ಹೋಗುತ್ತದೆ. ಇದು ಒಳ್ಳೆಯ ಔಷಧಿಯ ಕಥೆ. ಕೆಮ್ಮಿನ ಸಿರಪ್ಪುಗಳದ್ದು ಇನ್ನೂ ನೋವಿನದು. ಜಮ್ಮುವಿನ ಉಧಂಪುರ ಜಿಲ್ಲೆಯ ರಾಮನಗರದಲ್ಲಿ 2019ರ ಕೊನೆಗೆ, ಗ್ಯಾಂಬಿಯಾದಲ್ಲಿ 2022ರಲ್ಲಿ, ಮಧ್ಯಪ್ರದೇಶದ ಛಿಂದ್ವಾಡದಲ್ಲಿ 2025ರಲ್ಲಿ ಮೂತ್ರಪಿಂಡ ಕೆಟ್ಟು ಮಕ್ಕಳು ತೀರಿಕೊಂಡದ್ದು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಸಿರಪ್ಪುಗಳಿಂದ. ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಇದ್ದದ್ದು ಸಾಮಾನ್ಯ ಕೆಮ್ಮು, ನೆಗಡಿ, ಜ್ವರ. ಅಪರಾಧ ತಯಾರಿಸಿದವರದು, ಪರೀಕ್ಷಿಸದೆ ಬಿಟ್ಟವರದು, ತಂದೆತಾಯಿಯರದಲ್ಲ. ಆದರೆ ಆ ಸಿರಪ್ಪು ಬೇಕೇ ಇರಲಿಲ್ಲವೆಂಬ ಸತ್ಯ ಹಾಗೇ ಉಳಿಯುತ್ತದೆ. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಿ ಬರೆಯಲೇಬಾರದು, ಐದು ವರ್ಷದೊಳಗೆ ಸಾಮಾನ್ಯವಾಗಿ ಕೊಡಬಾರದು ಎಂದು ತಿಳಿಸಿತು. ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮುಂಚೆ ಒಂದು ಚಮಚ ಜೇನು ಅವಕ್ಕಿಂತ ಮೇಲು. ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಬಾರದು, ಅದರಿಂದ ಸ್ನಾಯುಗಳ ಶಕ್ತಿ ಕುಂದಿಸುವ ಬಾಟುಲಿಸಂ ಎಂಬ ಕಾಯಿಲೆ ಬರುವ ಅಪಾಯವಿದೆ.

ಬೇಡದ ಔಷಧಿಗೆ ಸಿಗುವ ಗೌರವ ಬೇಕಾದ ಔಷಧಿಗೆ ಸಿಗುತ್ತಿಲ್ಲವೆಂಬುದು ನನ್ನ ದೊಡ್ಡ ಕೊರಗು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ನರಕ್ಕೆ ಏರಿಸುವ ದ್ರವದ ಬಾಟಲಿಗಳು ಮುಗಿದುಹೋದಾಗ ಡಾ. ದಿಲೀಪ್ ಮಹಲನಬೀಸ್ ಉಪ್ಪು, ಅಡುಗೆ ಸೋಡ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಮನೆಯವರ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಇಂದು ಅದೇ ಓಆರ್‌ಎಸ್ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಉಚಿತ, ಜೊತೆಗೆ 14 ದಿನ ಕೊಡುವ ಸತುವಿನ ಮಾತ್ರೆಯೂ ಉಚಿತ. ಆದರೂ ಭೇದಿಯಾದ ಮಗುವಿಗೆ ಪೋಷಕರು ಕೇಳುವುದು ಡ್ರಿಪ್ ಮತ್ತು ಆಂಟಿಬಯೋಟಿಕ್. ಓಆರ್‌ಎಸ್ ಎಂದು ಬರೆದುಕೊಂಡ ಸಕ್ಕರೆ ಪಾನೀಯಗಳು ವರ್ಷಗಟ್ಟಲೆ ಮಾರಾಟವಾದವು; ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜಿನಿ ಸಂತೋಷ್ ಪಟ್ಟುಹಿಡಿದು ಹೋರಾಡಿದ ಮೇಲೆ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರಿನ ಬಳಕೆಯನ್ನು ನಿಷೇಧಿಸಿತು.

ಇನ್ನು ರೋಗನಿರೋಧಕ ಶಕ್ತಿಯ ಮಾತು. ಗರ್ಭದಲ್ಲಿರುವಾಗ ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಬಹುಪಾಲು ಕರಗಿರುತ್ತವೆ, ತನ್ನದೇ ಪ್ರತಿಕಾಯಗಳು ಇನ್ನೂ ಮಟ್ಟ ಮುಟ್ಟಿರುವುದಿಲ್ಲ. ಅದೇ ಸಮಯಕ್ಕೆ ಮಗು ಅಂಬೆಗಾಲಿಡುತ್ತದೆ, ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತದೆ, ರಾಗಿ ಸರಿ ತಿನ್ನತೊಡಗುತ್ತದೆ, ಹಲ್ಲೂ ಮೂಡುತ್ತದೆ. ‘ಹಲ್ಲು ಬರುವಾಗ ಭೇದಿ ಸಹಜ’ ಎಂಬ ನಂಬಿಕೆ ಹುಟ್ಟಿದ್ದು ಈ ಕಾಕತಾಳೀಯದಿಂದಲೇ ಇರಬೇಕು; ಹಾಗೆಂದು ನಂಬಿ ಭೇದಿಗೆ ಓಆರ್‌ಎಸ್ ಕೊಡದೆ ಬಿಟ್ಟವರೂ ಇದ್ದಾರೆ. ನೆಗಡಿ ತರುವ ರೈನೋವೈರಸ್ ಒಂದರಲ್ಲೇ 160ಕ್ಕೂ ಹೆಚ್ಚು ಬಗೆಗಳಿವೆ. ಪ್ರತಿಯೊಂದನ್ನೂ ಮಗುವಿನ ದೇಹ ಬೇರೆ ಬೇರೆಯಾಗಿಯೇ ಪರಿಚಯ ಮಾಡಿಕೊಳ್ಳಬೇಕು, ಇದಕ್ಕೆ ಅಡ್ಡದಾರಿ ಇಲ್ಲ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಳ ಕಾಲ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡೂವರೆ ವರ್ಷಕ್ಕೆ ಮುಂಚೆಯೇ ದೊಡ್ಡ ಶಿಶುಪಾಲನಾ ಕೇಂದ್ರಗಳಿಗೆ ಸೇರಿದ ಮಕ್ಕಳಿಗೆ ಆಗ ಹೆಚ್ಚು ಸೋಂಕು ಬಂತು, ಶಾಲೆಗೆ ಹೋಗುವ ವಯಸ್ಸಿನಲ್ಲಿ ಉಳಿದವರಿಗಿಂತ ಕಡಿಮೆ ಬಂತು. ನೆಗಡಿಗಳ ಈ ಸಾಲವನ್ನು ಮಗು ಈಗಲೋ ಆಮೇಲೋ ತೀರಿಸಲೇಬೇಕು. ಆರು ತಿಂಗಳೊಳಗಿನ ಕೂಸಿನ ಉಸಿರುನಾಳ ತೀರ ಸಣ್ಣದು, ಹಾಗಾಗಿ ಅದನ್ನು ಮಾತ್ರ ಕೆಮ್ಮುವವರಿಂದ ದೂರವಿಡಬೇಕು.

ಬಾಟಲಿಯಲ್ಲಿ ಶಕ್ತಿ ಮಾರುವವರಿಗೆ ಈ ಕಾಯುವ ಕಾಲವೇ ಬಂಡವಾಳ. ಹಾಲಿಗೆ ಬೆರೆಸುವ ಪುಡಿಗಳಲ್ಲಿ ಸಕ್ಕರೆಯ ಪಾಲು ದೊಡ್ಡದು; ಅವನ್ನು ‘ಹೆಲ್ತ್ ಡ್ರಿಂಕ್’ ಎಂಬ ವಿಭಾಗದಲ್ಲಿ ಮಾರದಂತೆ ಆನ್‌ಲೈನ್ ಅಂಗಡಿಗಳಿಗೆ ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಸೂಚಿಸಿತು. ವಿಟಮಿನ್ ಸಿ ನಿತ್ಯ ಕೊಟ್ಟರೂ ಸಾಮಾನ್ಯ ಮಕ್ಕಳಿಗೆ ನೆಗಡಿ ಬರುವುದು ತಪ್ಪುವುದಿಲ್ಲ, ಬಂದದ್ದು ಸ್ವಲ್ಪ ಬೇಗ ಬಿಡುತ್ತದೆ ಅಷ್ಟೆ. ಪುಷ್ಯ ನಕ್ಷತ್ರದ ದಿನ ಸಾಲುಗಟ್ಟಿ ಹಾಕಿಸುವ ಸುವರ್ಣಪ್ರಾಶನದ ಮೇಲೆ ಜನರಿಗಿರುವ ಶ್ರದ್ಧೆ ನನಗೆ ಗೊತ್ತು. ಅದು ಸೋಂಕು ತಡೆಯುತ್ತದೆ ಎಂಬುದು ದೊಡ್ಡ ಪ್ರಯೋಗಗಳಲ್ಲಿ ಸಿದ್ಧವಾಗಿಲ್ಲ, ಲಸಿಕೆಯ ಬದಲಿಗೆ ಅದನ್ನು ನೆಚ್ಚುವುದು ಅಪಾಯ ಎಂದು ಹೇಳುವುದು ನನ್ನ ಕರ್ತವ್ಯ.

ಕಾಯಿಲೆಯೇ ಶಕ್ತಿ ಕೊಡುವುದಾದರೆ ಲಸಿಕೆ ಏಕೆ ಎಂದು ಓದಿದವರೇ ಕೇಳುತ್ತಿದ್ದಾರೆ. ನೆಗಡಿಗೆ ಹೇಳಿದ್ದನ್ನು ದಡಾರಕ್ಕೆ ಹೇಳುವಂತಿಲ್ಲ. ನೆದರ್ಲೆಂಡ್ಸ್‌ನಲ್ಲಿ ಲಸಿಕೆ ಹಾಕಿಸದೆ ದಡಾರಕ್ಕೆ ಸಿಕ್ಕ 77 ಮಕ್ಕಳ ರಕ್ತವನ್ನು ಕಾಯಿಲೆಗೆ ಮುಂಚೆ ಮತ್ತು ನಂತರ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಬೇರೆ ರೋಗಾಣುಗಳ ವಿರುದ್ಧ ಅವರು ಅದುವರೆಗೆ ಗಳಿಸಿದ್ದ ಪ್ರತಿಕಾಯಗಳಲ್ಲಿ ನೂರಕ್ಕೆ 11ರಿಂದ 73ರಷ್ಟು ಅಳಿಸಿಹೋಗಿದ್ದವು. ಅಂದರೆ ದಡಾರ ಹೊಸದನ್ನು ಕಲಿಸುವುದಿರಲಿ, ದೇಹ ಕಲಿತದ್ದನ್ನೂ ಮರೆಸುತ್ತದೆ. ಲಸಿಕೆ ಪಡೆದವರಲ್ಲಿ ಈ ನಷ್ಟ ಕಾಣಲಿಲ್ಲ. ಮಣ್ಣಿನಲ್ಲಿ ಆಡಿದ ಮಕ್ಕಳೇ ಗಟ್ಟಿ ಎನ್ನುವವರು ಆಧಾರವಾಗಿ ತೆಗೆದುಕೊಳ್ಳುವ ಡೇವಿಡ್ ಸ್ಟ್ರಾಚನ್ ಅವರ 1989ರ ಅಧ್ಯಯನ ಹೇಳಿದ್ದು, ಅಣ್ಣ ಅಕ್ಕಂದಿರು ಹೆಚ್ಚಿದ್ದ ಮಕ್ಕಳಲ್ಲಿ ಅಲರ್ಜಿಯ ನೆಗಡಿ ಕಡಿಮೆ ಎಂದಷ್ಟೇ. ಮಗು ಮಣ್ಣಿನಲ್ಲಿ ಆಡಲಿ, ಊಟಕ್ಕೆ ಮುಂಚೆ ಸೋಪು ಹಾಕಿ ಕೈಯನ್ನೂ ತೊಳೆಯಲಿ.

ನಮ್ಮ ರಾಜ್ಯದಲ್ಲಿ ನಿಜವಾಗಿ ಶಕ್ತಿ ಕುಂದಿರುವ ಮಕ್ಕಳು ಬೇರೆ ಇದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮೂರು ಮಕ್ಕಳಲ್ಲಿ ಒಂದಕ್ಕೂ ಹೆಚ್ಚು ವಯಸ್ಸಿಗೆ ತಕ್ಕ ಎತ್ತರವಿಲ್ಲ, ಮೂರರಲ್ಲಿ ಸುಮಾರು ಎರಡಕ್ಕೆ ರಕ್ತಹೀನತೆ. ಶಕ್ತಿ ಬರುವುದು ಇವುಗಳಿಂದ: ಹುಟ್ಟಿದ ಕೂಡಲೇ ಮೊದಲ ಹಳದಿ ಹಾಲು, ಆರು ತಿಂಗಳ ತನಕ ಬರೀ ಎದೆಹಾಲು, ಆಮೇಲೆ ಮೊಟ್ಟೆ, ಬೇಳೆ, ಸೊಪ್ಪು, ಹೊಗೆಯಿಲ್ಲದ ಅಡುಗೆಮನೆ, ಬೀಡಿ ಸಿಗರೇಟು ಸೇದದ ಅಪ್ಪ, ಹೊತ್ತಿಗೆ ಸರಿಯಾಗಿ ಲಸಿಕೆ. ಇವು ಜಾಹೀರಾತಿಲ್ಲದ ಸಂಗತಿಗಳಾದ್ದರಿಂದ ಮೊದಲೇ ಮೂರು ಹೊತ್ತು ಉಣ್ಣುವ ಮಗುವಿನ ಬಾಯಿಗೆ ಟಾನಿಕ್ ಬೀಳುತ್ತಿದೆ.

ಕಾದು ನೋಡಿ ಎಂದು ಹೇಳುವುದು ಸುಲಭ, ಕಾಯಲು ಪುರಸೊತ್ತು ಯಾರಿಗಿದೆ ಎಂಬ ಆಕ್ಷೇಪಕ್ಕೆ ನಾನು ಹೆಚ್ಚು ತಲೆಬಾಗುತ್ತೇನೆ. ಬೆಂಗಳೂರಿನ ಪೀಣ್ಯದಲ್ಲೋ ಮೈಸೂರು ರಸ್ತೆಯಲ್ಲೋ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳಿಗೆ ಒಂದು ದಿನ ರಜೆ ಎಂದರೆ ಒಂದು ದಿನದ ಕೂಲಿ ಹೋಯಿತು. ಜ್ವರದ ಮಗುವನ್ನು ಶಿಶುಪಾಲನಾ ಕೇಂದ್ರದಲ್ಲಿ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ‘ಒಂದು ಇಂಜೆಕ್ಷನ್ ಹಾಕಿ ಬೇಗ ಹುಷಾರು ಮಾಡಿ’ ಎಂದು ಅವಳು ಕೇಳುವುದರ ಹಿಂದೆ ಮೌಢ್ಯವಿಲ್ಲ, ಲೆಕ್ಕಾಚಾರವಿದೆ. ಎದುರಿಗೆ ಕೂತ ವೈದ್ಯರ ಬಾಗಿಲಲ್ಲಿ ಎಂಬತ್ತು ಜನ ಕಾಯುತ್ತಿದ್ದಾರೆ. ಔಷಧಿ ಬೇಡವೆಂದು ವಿವರಿಸಲು ಹತ್ತು ನಿಮಿಷ ಬೇಕು, ಬರೆದುಕೊಡಲು ಒಂದೇ ನಿಮಿಷ ಸಾಕು. ಮನೆಯಲ್ಲಿ ಅತ್ತೆ, ಅಕ್ಕಪಕ್ಕದವರು ‘ಮಗು ಹೀಗೆ ಕೆಮ್ಮುತ್ತಿದ್ದರೂ ಸುಮ್ಮನಿದ್ದಾಳೆ’ ಎನ್ನುತ್ತಾರೆ. ದೂರು ಬರುವುದು ತಾಯಿಗೇ ಹೊರತು ತಂದೆಗಲ್ಲ. ಇಂಥ ಕಡೆ ತಿಳಿವಳಿಕೆಯೊಂದೇ ಸಾಲದು. ಮಗುವಿಗೆ ಹುಷಾರಿಲ್ಲದಾಗ ತಂದೆಗೂ ತಾಯಿಗೂ ಸಂಬಳ ಸಹಿತ ರಜೆ ಬೇಕು.

ಅದು ಬರುವ ತನಕ ನಾಳೆಯಿಂದಲೇ ಮಾಡಬಹುದಾದ ಒಂದು ಕೆಲಸವನ್ನು ಈ ಸಭೆಯ ಮುಂದಿಡುತ್ತೇನೆ. ಸರ್ಕಾರಿ ಲಸಿಕಾ ಕೇಂದ್ರದಲ್ಲಿ ಚುಚ್ಚುಮದ್ದು ಹಾಕಿದ ಮೇಲೆ ತಾಯಿ ಮಗುವನ್ನು ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ. 6, 10, 14 ವಾರಕ್ಕೆ, ಆಮೇಲೆ 9 ತಿಂಗಳಿಗೆ, ಮತ್ತೆ 16ರಿಂದ 24 ತಿಂಗಳ ನಡುವೆ, ಹೀಗೆ ಐದು ಸಲ. ಒಟ್ಟು ಎರಡೂವರೆ ಗಂಟೆ ಬೆಂಚಿನ ಮೇಲೆ ಸುಮ್ಮನೆ ಕಳೆದುಹೋಗುತ್ತಿದೆ. ಮೊದಲ ಸಲ ಮಗುವಿನ ಅಂಗಿ ಎತ್ತಿ ಉಸಿರು ಎಣಿಸುವುದನ್ನು, ಎರಡನೆಯ ಸಲ ಒಂದು ಲೀಟರ್ ನೀರಿಗೆ ಓಆರ್‌ಎಸ್ ಪೊಟ್ಟಣ ಬೆರೆಸುವುದನ್ನು, ಮೂರನೆಯ ಸಲ ಡ್ರಾಪ್ಸ್ ಮತ್ತು ಸಿರಪ್ ಬಾಟಲಿಗಳ ಅಂಕಿ ಓದುವುದನ್ನು, ಆಮೇಲೆ ಫಿಟ್ಸ್ ಬಂದಾಗ ಮಗುವನ್ನು ಮಲಗಿಸುವ ಬಗೆಯನ್ನು ತಾಯಿಯ ಕೈಯಲ್ಲೇ ಮಾಡಿಸಿ ಕಲಿಸಬಹುದು. ತಂದೆಯನ್ನೂ ಕರೆತರಲು ಹೇಳಬಹುದು. ತಾಯಿ ಕಾರ್ಡಿನಲ್ಲಿ ಲಸಿಕೆಯ ದಿನಾಂಕದ ಪಕ್ಕ, ಇದನ್ನು ಕಲಿಸಿದ್ದೇವೆ ಎಂದು ಗುರುತು ಹಾಕಲು ಒಂದು ಚೌಕ ಸಾಕು. ಲಸಿಕೆಯ ದಿನ ದಾಖಲೆ ಬರೆಯುವುದರಲ್ಲೇ ಕಿರಿಯ ಆರೋಗ್ಯ ಸಹಾಯಕಿಯ ಹೊತ್ತು ಹೋಗುತ್ತದೆ, ಹಾಗಾಗಿ ಕಲಿಸುವ ಕೆಲಸ ಆಶಾ ಕಾರ್ಯಕರ್ತೆಯ ಪಾಲಿಗೆ ಬರುತ್ತದೆ. ಈಗಾಗಲೇ ಅವಳ ಹೆಗಲ ಮೇಲೆ ಬೇಕಾದಷ್ಟು ಕೆಲಸವಿದೆ; ಇದನ್ನೂ ಸೇವೆಯ ಹೆಸರಿನಲ್ಲಿ ಹೊರಿಸದೆ, ಅವಳ ಗೌರವಧನದಲ್ಲಿ ಇದಕ್ಕೆ ಬೇರೆಯೇ ಬಾಬ್ತು ತೆಗೆದಿಡಬೇಕೆಂದು ಸರ್ಕಾರವನ್ನು ಕೇಳುತ್ತೇನೆ.